ಸಾಲ ತೀರಿಸುವುದು ಹೇಗೆ? ಪಟ್ಟಿ, ಅಟ್ಟ, ತಿಂಗಳ ಗುರಿ: ಒಂದು ಸಮಗ್ರ ಮಾರ್ಗದರ್ಶಿ

ಸಾಲ ತೀರಿಸಲೇಬೇಕು ಅಂತ ಹೊರಟವರು ಮೊದಲು ಕೈಹಾಕುವುದು ಖರ್ಚಿಗೆ. ಹೋಟೆಲ್ ಕಾಫಿ ಬಂದ್, ಭಾನುವಾರದ ಸಿನಿಮಾ ಬಂದ್, ಮಕ್ಕಳ ಐಸ್‌ಕ್ರೀಂ ಬಂದ್. ಮೂರು ತಿಂಗಳು ಕಳೆದು ನೋಡಿದರೆ ಸಾಲ ಇದ್ದಷ್ಟೇ ಇರುತ್ತದೆ. ಉಳಿಸಿದ ದುಡ್ಡು ಎಲ್ಲಿ ಹೋಯ್ತು ಅಂದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬೇಜಾರಾಗಿ ಎಲ್ಲ ಬಿಟ್ಟುಬಿಡುತ್ತಾರೆ.

ಇಲ್ಲಿ ಎಡವಟ್ಟು ಎರಡು. ಒಂದು, ಕೆಲಸದ ಕ್ರಮ ತಲೆಕೆಳಗಾಗಿದೆ. ಖರ್ಚು ಕಡಿತ ಕೊನೆಗೆ ಬರಬೇಕಾದದ್ದು, ಮೊದಲಿಗಲ್ಲ. ಎರಡು, ಉಳಿದ ದುಡ್ಡು ಖಾತೆಯಲ್ಲೇ ಕೂತಿದೆ. ಖಾತೆಯಲ್ಲಿ ಕೂತ ದುಡ್ಡು ಯಾವುದಾದರೂ ಒಂದು ನೆಪದಲ್ಲಿ ಖರ್ಚಾಗಿಯೇ ಆಗುತ್ತದೆ. ಇವತ್ತು ಉಳಿದದ್ದು ಇವತ್ತೇ ಸಾಲಕ್ಕೆ ಜಮೆ ಆಗಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಇದು ತಿಂಗಳಿಗೆ ಒಂದಷ್ಟು ಆದಾಯ ಇರುವವರಿಗೆ, ಅಂದರೆ ಸಂಬಳದಾರರಿಗೆ, ಆಟೋ ಓಡಿಸುವವರಿಗೆ, ಚಿಕ್ಕ ಅಂಗಡಿ ಇಟ್ಟವರಿಗೆ. ಬೆಳೆಸಾಲ, ವ್ಯಾಪಾರದ ಸಾಲ ಬೇರೆಯೇ ಲೆಕ್ಕ. ಅದನ್ನು ಇಲ್ಲಿ ಮುಟ್ಟಿಲ್ಲ.

## ಶುರುವಿಗೆ ಏನೇನು ಬೇಕು

ನೂರು ಪುಟದ ಒಂದು ಲಾಂಗ್ ನೋಟ್‌ಬುಕ್. ಗೋಡೆಯ ಕ್ಯಾಲೆಂಡರ್. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಪ್ರತಿ ಸಾಲದ ಕಾಗದ ಅಥವಾ ಆ್ಯಪ್‌ನಲ್ಲಿರುವ ಲೋನ್ ಸ್ಟೇಟ್‌ಮೆಂಟ್. ಜೊತೆಗೆ ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನೀವು ತಗೊಂಡ ಸಾಲ, ಕಟ್ಟಿದ ಕಂತುಗಳ ದಾಖಲೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ದುಡ್ಡು ಕೊಟ್ಟು ತರಿಸುವ ಅಗತ್ಯವಿಲ್ಲ.

ಬಜೆಟ್ ಆ್ಯಪ್ ಬೇಡ. ಅದನ್ನು ಸೆಟ್ ಮಾಡುವುದರಲ್ಲೇ ಒಂದು ವಾರ ಹೋಗುತ್ತದೆ, ಆಮೇಲೆ ಅದನ್ನು ತೆರೆದು ನೋಡುವವರು ಕಡಿಮೆ. ನೋಟ್‌ಬುಕ್ ಆದರೆ ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಇನ್ನೊಂದು ಬೇಕು: ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂರುವ ಒಂದು ಸಂಜೆ. ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಸಾಲ ತೀರಿಸುವ ಪ್ಲಾನ್ ಬಹಳ ದಿನ ನಡೆಯುವುದಿಲ್ಲ.

## ಹಂತ 1: ಹೊಸ ಸಾಲದ ಬಾಗಿಲು ಮುಚ್ಚಿ

ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗಾಗಬಾರದು. ಹಾಗಾಗಿ ಮೊದಲ ದಿನ ಲೆಕ್ಕ ಬೇಡ, ಈ ಕೆಲಸಗಳನ್ನು ಮಾಡಿ.

ಶಾಪಿಂಗ್, ಊಟ, ಕ್ಯಾಬ್ ಆ್ಯಪ್‌ಗಳಲ್ಲಿ ಸೇವ್ ಆಗಿರುವ ಕಾರ್ಡ್ ವಿವರ ಅಳಿಸಿ. 'ಪೇ ಲೇಟರ್' (ಈಗ ಕೊಂಡು ಆಮೇಲೆ ದುಡ್ಡು ಕಟ್ಟುವುದು) ಅನ್ನುವುದು ಎಲ್ಲೆಲ್ಲಿ ಆನ್ ಇದೆಯೋ ಅಲ್ಲೆಲ್ಲ ಬಾಕಿ ಕಟ್ಟಿ ಆಫ್ ಮಾಡಿ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಜಾಗ ಇರುತ್ತದೆ, ಅದನ್ನು ತೆರೆಯಿರಿ. ಯಾವಾಗಲೋ ಫ್ರೀ ಟ್ರಯಲ್‌ಗೆ ಅಂತ ಒಪ್ಪಿದ್ದು ತಿಂಗಳು ತಿಂಗಳು ದುಡ್ಡು ಎಳೆಯುತ್ತಿರಬಹುದು. ಬೇಡದ್ದನ್ನು ಅಲ್ಲೇ ರದ್ದು ಮಾಡಿ.

ಬಾಕಿ ಇರುವ ಕ್ರೆಡಿಟ್ ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಡಿ. ಇದಕ್ಕೊಂದು ಗಟ್ಟಿ ಕಾರಣವಿದೆ. ಕಾರ್ಡಿನ ಬಿಲ್ ಪೂರ್ತಿ ಕಟ್ಟದಿದ್ದರೆ ಬಡ್ಡಿ ಇಲ್ಲದ ಅವಧಿ ಹೋಗಿಬಿಡುತ್ತದೆ. ಆಮೇಲೆ ನೀವು ಹೊಸದಾಗಿ ಹಾಕಿಸಿದ 500 ರೂಪಾಯಿ ಪೆಟ್ರೋಲಿಗೂ ಹಾಕಿಸಿದ ದಿನದಿಂದಲೇ ಬಡ್ಡಿ. ಕಾರ್ಡಿನಲ್ಲಿ ಕ್ಯಾಶ್ ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಮೊದಲ ದಿನದಿಂದ ಬಡ್ಡಿಯ ಜೊತೆಗೆ ಬೇರೆ ಫೀಸೂ ಇದೆ.

ಸಾಮಾನ್ಯ ತಪ್ಪು: ಹುಮ್ಮಸ್ಸಿನಲ್ಲಿ ಹಳೆಯ ಕಾರ್ಡನ್ನೇ ಕ್ಯಾನ್ಸಲ್ ಮಾಡಿಸುವುದು. ಬಾಕಿ ತೀರುವ ತನಕ ಅದು ಆಗುವುದೂ ಇಲ್ಲ, ಈಗ ಅದರಿಂದ ಲಾಭವೂ ಇಲ್ಲ. ಬಳಸದೆ ಸುಮ್ನೆ ಇಟ್ಟರೆ ಸಾಕು.

## ಹಂತ 2: ಎಲ್ಲ ಸಾಲ ಒಂದೇ ಪುಟಕ್ಕೆ ಬರಲಿ

ಜನ ಹೆಚ್ಚು ತಪ್ಪು ಮಾಡುವುದು ಇಲ್ಲೇ. ಬ್ಯಾಂಕಿನದು ಮಾತ್ರ ಸಾಲ ಅಂದುಕೊಳ್ಳುತ್ತಾರೆ. ಭಾವನ ಹತ್ತಿರ ತಂದ ಕೈಸಾಲ, ಕಿರಾಣಿ ಅಂಗಡಿಯ ಬರೆಸಿದ ಲೆಕ್ಕ, ಸಂಘದ ಕಂತು, ಮಾಲೀಕರ ಹತ್ತಿರ ತಗೊಂಡ ಅಡ್ವಾನ್ಸ್, ಎತ್ತಿದ ಚೀಟಿಯ ಉಳಿದ ಕಂತು, ಫ್ರಿಜ್ಜಿನ ಇಎಂಐ, ಎಲ್ಲವೂ ಸಾಲವೇ. ಎಲ್ಲ ಬರೆಯಿರಿ.

ಪುಟಕ್ಕೆ ಐದು ಕಾಲಂ ಹಾಕಿ: ಯಾರಿಗೆ, ಇವತ್ತಿನ ಬಾಕಿ, ತಿಂಗಳಿಗೆ ನೂರಕ್ಕೆ ಎಷ್ಟು ಬಡ್ಡಿ, ತಿಂಗಳ ಕಂತು, ಕಟ್ಟುವ ತಾರೀಕು.

ಮೂರನೆಯ ಕಾಲಂ ಬಹಳ ಮುಖ್ಯ. ಬ್ಯಾಂಕಿನವರು ವರ್ಷದ ಪರ್ಸೆಂಟ್ ಹೇಳುತ್ತಾರೆ, ಕಾರ್ಡಿನವರು ತಿಂಗಳ ಪರ್ಸೆಂಟ್ ಹೇಳುತ್ತಾರೆ, ಊರಲ್ಲಿ 'ಮೂರು ರೂಪಾಯಿ ಬಡ್ಡಿ' ಅನ್ನುತ್ತಾರೆ. ಮೂರನ್ನೂ ಒಂದೇ ತಕ್ಕಡಿಗೆ ತರದೆ ಹೋಲಿಸಲಾಗದು. ನಮ್ಮ ರೂಪಾಯಿ ಬಡ್ಡಿಯ ಲೆಕ್ಕವೇ ಎಲ್ಲಕ್ಕಿಂತ ಸುಲಭ. ವರ್ಷದ ಪರ್ಸೆಂಟನ್ನು 12ರಿಂದ ಭಾಗಿಸಿ, ಅಷ್ಟೇ. 12 ಪರ್ಸೆಂಟ್ ಅಂದರೆ ಒಂದು ರೂಪಾಯಿ ಬಡ್ಡಿ. 15 ಪರ್ಸೆಂಟ್ ಅಂದರೆ ಒಂದೂಕಾಲು ರೂಪಾಯಿ.

ಒಂದು ಎಚ್ಚರಿಕೆ. ಕೆಲವು ಫೈನಾನ್ಸ್‌ನವರು 'ಫ್ಲಾಟ್' ಬಡ್ಡಿ ಹೇಳುತ್ತಾರೆ. 1 ಲಕ್ಷಕ್ಕೆ ಫ್ಲಾಟ್ 12 ಪರ್ಸೆಂಟ್, ಎರಡು ವರ್ಷ. ಬಡ್ಡಿ 24,000, ತಿಂಗಳ ಕಂತು ಸುಮಾರು 5,167. ಒಂದು ರೂಪಾಯಿ ಬಡ್ಡಿ ಅಂತ ಕಾಣುತ್ತದೆ, ಅಲ್ವಾ? ಆದರೆ ನೀವು ಅಸಲು ತೀರಿಸುತ್ತಾ ಬಂದರೂ ಅವರು ಕೊನೆಯ ತನಕ ಪೂರ್ತಿ ಲಕ್ಷಕ್ಕೇ ಬಡ್ಡಿ ಹಾಕುತ್ತಿದ್ದಾರೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ 21.6 ಪರ್ಸೆಂಟ್ ಹತ್ತಿರ, ಅಂದರೆ ಒಂದು ರೂಪಾಯಿ ಎಂಬತ್ತು ಪೈಸೆ. ಫ್ಲಾಟ್ ಅಂತ ಕಂಡರೆ ಹೇಳಿದ ಬಡ್ಡಿಯ ಹತ್ತಿರ ಹತ್ತಿರ ಎರಡರಷ್ಟು ಅಂತ ಬರೆದುಕೊಳ್ಳಿ.

ಉದಾಹರಣೆಗೆ ತುಮಕೂರಿನ ಒಂದು ಮನೆ ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ ಕೈಗೆ ಬರುವುದು 42,000. ಅವರ ಪುಟ ಹೀಗಿರುತ್ತದೆ:

- ಪರಿಚಯದವರ ಬಡ್ಡಿ ಸಾಲ: 15,000, ಐದು ರೂಪಾಯಿ ಬಡ್ಡಿ
- ಕ್ರೆಡಿಟ್ ಕಾರ್ಡ್: 68,000, ಮೂರೂವರೆ ರೂಪಾಯಿ ಬಡ್ಡಿ
- ಪರ್ಸನಲ್ ಲೋನ್: 1,60,000, ಒಂದೂಕಾಲು ರೂಪಾಯಿ, ಕಂತು 6,200
- ಚಿನ್ನದ ಸಾಲ: 80,000, ಒಂದು ರೂಪಾಯಿ
- ಫ್ರಿಜ್: ಇನ್ನು ನಾಲ್ಕು ಕಂತು, ತಲಾ 2,100, ಬಡ್ಡಿ ಇಲ್ಲ
- ಭಾವನ ಕೈಸಾಲ: 25,000, ಬಡ್ಡಿ ಇಲ್ಲ

ಒಟ್ಟು 3,56,400. ಈ ಸಂಖ್ಯೆ ಮೊದಲ ಸಲ ಬರೆದಾಗ ಎದೆ ಧಸಕ್ ಅನ್ನುತ್ತದೆ. ಪರವಾಗಿಲ್ಲ. ಮನಸ್ಸಿನಲ್ಲಿ 'ಸುಮಾರು ಎರಡೂವರೆ ಇರಬಹುದು' ಅಂದುಕೊಂಡು ಓಡಾಡುವುದಕ್ಕಿಂತ ಇದು ಒಳ್ಳೆಯದು.

ಈಗ ಕಾರ್ಡಿನ ಸಾಲವನ್ನು ಹತ್ತಿರದಿಂದ ನೋಡಿ. 68,000ಕ್ಕೆ ಮೂರೂವರೆ ರೂಪಾಯಿಯಂತೆ ತಿಂಗಳ ಬಡ್ಡಿ 2,380. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 428 ರೂಪಾಯಿ. ಒಟ್ಟು 2,808. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, 5 ಪರ್ಸೆಂಟ್ ಅಂತ ಇಟ್ಟುಕೊಂಡರೆ ಅವರು ಕಟ್ಟುವುದು 3,400. ಅಸಲಿಗೆ ಹೋದದ್ದು 592 ರೂಪಾಯಿ ಮಾತ್ರ! 'ಪ್ರತಿ ತಿಂಗಳೂ ತಪ್ಪದೆ ಕಟ್ತಾ ಇದ್ದೀನಿ, ಆದರೂ ಇಳೀತಾ ಇಲ್ಲ' ಅನ್ನುವವರ ಕಷ್ಟದ ಗುಟ್ಟು ಈ 592.

## ಹಂತ 3: ಸಾಸಿವೆ ಡಬ್ಬಿಯಲ್ಲಿ ಸ್ವಲ್ಪ

ಸಾಲ ಇದ್ದಾಗ ದುಡ್ಡು ಎತ್ತಿಡುವುದು ಯಾಕೆ ಅಂತ ಕೇಳುವವರಿದ್ದಾರೆ. ಕಾರಣ ಸರಳ. ಮಗುವಿಗೆ ಜ್ವರ ಬಂತು, ಗಾಡಿ ಟೈರು ಹೋಯ್ತು, ಮಿಕ್ಸಿ ಸುಟ್ಟಿತು. ಕೈಯಲ್ಲಿ ಏನೂ ಇಲ್ಲದಿದ್ದರೆ ಮತ್ತೆ ಕಾರ್ಡ್ ಹೊರಗೆ ಬರುತ್ತದೆ. 10,000ದಿಂದ 15,000 ಸಾಕು. ಅದಕ್ಕಿಂತ ಜಾಸ್ತಿ ಬೇಡ, ಮೂರೂವರೆ ರೂಪಾಯಿ ಬಡ್ಡಿ ಕಟ್ಟುತ್ತಾ ಉಳಿತಾಯ ಖಾತೆಯಲ್ಲಿ ದುಡ್ಡು ಮಲಗಿಸುವುದು ದಡ್ಡತನ.

ಆ ಹಣ ಯುಪಿಐ ಇರುವ ಖಾತೆಯಲ್ಲಿರಬಾರದು. ಪೋಸ್ಟ್ ಆಫೀಸ್ ಎಸ್‌ಬಿ ಖಾತೆ, ಇಲ್ಲವೇ ಹೆಂಡತಿಯ ಇನ್ನೊಂದು ಖಾತೆ ಆಗಬಹುದು.

ಇದೇ ತರ್ಕದಲ್ಲಿ, ನಡೆಯುತ್ತಿರುವ ಆರ್‌ಡಿ ನಿಲ್ಲಿಸಿ ಕಾರ್ಡಿಗೆ ಹಾಕುವುದೇ ಸರಿ ಅನ್ನುತ್ತೇನೆ. ಆದರೆ ಆರೋಗ್ಯ ವಿಮೆ, ಟರ್ಮ್ ಇನ್ಶೂರೆನ್ಸ್ ಕಂತು ನಿಲ್ಲಿಸಬೇಡಿ. ಒಂದು ಆಸ್ಪತ್ರೆ ಬಿಲ್ಲು ಇಡೀ ಪ್ಲಾನನ್ನು ಮುಳುಗಿಸಬಹುದು.

## ಹಂತ 4: ಯಾವುದು ಮೊದಲು

ಬಡ್ಡಿ ಜಾಸ್ತಿ ಇರುವುದು ಮೊದಲು. ಉಳಿದವಕ್ಕೆ ಕಂತು ಮಾತ್ರ, ಒಂದು ರೂಪಾಯಿಯೂ ಹೆಚ್ಚಿಲ್ಲ. ಎಲ್ಲ ಸಾಲಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾವುದೂ ತೀರುವುದಿಲ್ಲ.

ತುಮಕೂರಿನ ಮನೆಗೆ ಕ್ರಮ: ಐದು ರೂಪಾಯಿ ಬಡ್ಡಿಯದು, ಆಮೇಲೆ ಕಾರ್ಡ್, ಆಮೇಲೆ ಪರ್ಸನಲ್ ಲೋನ್, ಆಮೇಲೆ ಚಿನ್ನ. ಫ್ರಿಜ್ ಇಎಂಐ ಮುಂಚಿತವಾಗಿ ಕಟ್ಟಿ ಲಾಭವಿಲ್ಲ, ಅದರ ಪಾಡಿಗೆ ಅದು ಮುಗಿಯುತ್ತದೆ.

ಭಾವನ ಕೈಸಾಲಕ್ಕೆ ಬಡ್ಡಿ ಇಲ್ಲ, ನಿಜ. ಆದರೆ ಅದನ್ನು ಕೊನೆಗೆ ತಳ್ಳಿ ಮಾತೇ ಆಡದೆ ಇದ್ದರೆ ಸಂಬಂಧ ಕೆಡುತ್ತದೆ. ಹೋಗಿ ಹೇಳಿ: 'ಭಾವ, ಬಡ್ಡಿ ಇರೋದು ಮೊದಲು ತೀರಿಸ್ತಾ ಇದ್ದೀನಿ. ದೀಪಾವಳಿ ಆದಮೇಲೆ ನಿಮ್ಮದು ಶುರು ಮಾಡ್ತೀನಿ. ಅಲ್ಲೀವರೆಗೆ ತಿಂಗಳಿಗೆ ಐನೂರು ಕೊಡ್ತಾ ಇರ್ತೀನಿ.' ಹೀಗೆ ತಾರೀಕು ಹೇಳಿ ಮಾತನಾಡಿದವರ ಮೇಲೆ ಕೋಪ ಮಾಡಿಕೊಳ್ಳುವವರು ಕಡಿಮೆ. ಫೋನ್ ಎತ್ತದೆ ಇರುವವರ ಮೇಲೆ ಎಲ್ಲರಿಗೂ ಕೋಪ.

ಪರ್ಸನಲ್ ಲೋನ್ ಮುಂಚಿತವಾಗಿ ಮುಗಿಸುವ ಮುನ್ನ ಕರಾರು ಓದಿ. ವ್ಯಕ್ತಿಗಳು ತಗೊಂಡ ಫ್ಲೋಟಿಂಗ್ ರೇಟಿನ (ಬಡ್ಡಿ ದರ ಆಗಾಗ ಬದಲಾಗುವ) ಸಾಲಕ್ಕೆ ಮುಂಗಡ ತೀರಿಸುವ ಚಾರ್ಜ್ ಹಾಕುವಂತಿಲ್ಲ. ಆದರೆ ಪರ್ಸನಲ್ ಲೋನ್‌ಗಳು ಬಹುಪಾಲು ಫಿಕ್ಸೆಡ್, ಬಡ್ಡಿ ದರ ಬದಲಾಗದು. ಬಾಕಿಯ ಮೇಲೆ ಒಂದಷ್ಟು ಪರ್ಸೆಂಟ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ ಇರಬಹುದು. ಕಡೆಯ ಐದಾರು ಕಂತು ಉಳಿದಿದ್ದರೆ ಚಾರ್ಜ್ ಕಟ್ಟಿ ಮುಗಿಸುವುದರಲ್ಲಿ ಅರ್ಥವಿಲ್ಲ, ಆ ಹೊತ್ತಿಗೆ ಕಂತಿನಲ್ಲಿ ಬಡ್ಡಿಯ ಪಾಲು ತೀರಾ ಕಡಿಮೆಯಾಗಿರುತ್ತದೆ.

'ಚಿನ್ನ ಇಟ್ಟು ಕಾರ್ಡ್ ಸಾಲ ತೀರಿಸಬಹುದಾ?' ಲೆಕ್ಕದಲ್ಲಿ ಸರಿ. ಮೂರೂವರೆ ರೂಪಾಯಿ ಬಡ್ಡಿ ಒಂದು ರೂಪಾಯಿಗೆ ಇಳಿಯುತ್ತದೆ. ಆದರೆ ಹಂತ 1 ಪಕ್ಕಾ ಆಗಿರಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಕಾರ್ಡ್ ಮತ್ತೆ ತುಂಬಿರುತ್ತದೆ, ಚಿನ್ನವೂ ಬ್ಯಾಂಕಿನಲ್ಲಿರುತ್ತದೆ. ಇಟ್ಟರೆ ರಿನ್ಯೂವಲ್ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ನೋಟಿಸ್ ಬಂದರೂ ಸುಮ್ಮನಿದ್ದರೆ ಹರಾಜಿಗೆ ಹೋಗುತ್ತದೆ.

## ಹಂತ 5: ಅಟ್ಟ ಇಳಿಸಿ

ಮನೆಯಲ್ಲಿ ಬಿದ್ದಿರುವ ಬೇಡದ ಸಾಮಾನು ಮಾರುವುದು ಬರೀ ಕ್ಲೀನಿಂಗ್ ಕೆಲಸ ಅಲ್ಲ. ಸಾಲ ತೀರಿಸುವವರಿಗೆ ಒಮ್ಮೆಲೇ ಗಂಟು ದುಡ್ಡು ಸಿಗುವ ಸುಲಭ ದಾರಿ ಇದು. ಗಂಟು ದುಡ್ಡು ಶುರುವಿನಲ್ಲೇ ಬಿದ್ದರೆ ಅದರ ಬಲವೇ ಬೇರೆ.

ಲೆಕ್ಕ ನೋಡಿ. ಕಾರ್ಡ್ ಬಾಕಿ 68,000. ತಿಂಗಳಿಗೆ 8,000 ಕಟ್ಟಿದರೆ ತೀರಲು 11 ತಿಂಗಳು, ಜಿಎಸ್‌ಟಿ ಸೇರಿ ಬಡ್ಡಿ ಸುಮಾರು 17,500. ಎರಡು ವರ್ಷದಿಂದ ಸ್ಟಾರ್ಟ್ ಮಾಡದೆ ನಿಲ್ಲಿಸಿದ ಸ್ಕೂಟರ್ ಮಾರಿ ಮೊದಲ ದಿನವೇ 20,000 ಹಾಕಿದರು ಅಂತಿಟ್ಟುಕೊಳ್ಳಿ. ಅದೇ 8,000ದಂತೆ ಕಟ್ಟಿದರೆ ಏಳು ತಿಂಗಳಿಗೆ ಕೇವಲ 300 ರೂಪಾಯಿಯಷ್ಟು ಬಾಕಿ, ಬಡ್ಡಿ ಸುಮಾರು 8,300. ಉಳಿದದ್ದು 9,200. ಅಂದರೆ ಆ ಸ್ಕೂಟರ್ ಅವರಿಗೆ 29,000 ತಂದುಕೊಟ್ಟಿತು. ಅದೇ 20,000 ಹತ್ತನೇ ತಿಂಗಳಲ್ಲಿ ಬಂದಿದ್ದರೆ ಹೆಚ್ಚೇನೂ ಉಪಯೋಗವಿರಲಿಲ್ಲ. ಅದಕ್ಕೇ ಅಟ್ಟದ ಕೆಲಸ ಖರ್ಚು ಕಡಿತಕ್ಕಿಂತ ಮುಂಚೆ.

ಒಂದೇ ಭಾನುವಾರ ಇಡೀ ಮನೆ ಕೆದರಬೇಡಿ. ಸಂಜೆಗೆ ಎಲ್ಲ ಹಾಲ್‌ನಲ್ಲಿ ರಾಶಿ ಬಿದ್ದಿರುತ್ತದೆ, ಸೋಮವಾರ ಕೆಲಸಕ್ಕೆ ಹೋಗಬೇಕು, ಎಲ್ಲ ಮತ್ತೆ ಅಟ್ಟಕ್ಕೇ ಹೋಗುತ್ತದೆ. ವಾರಕ್ಕೊಂದು ಜಾಗ ಸಾಕು. ಮೊದಲು ಅಟ್ಟ, ಆಮೇಲೆ ಅಡುಗೆಮನೆಯ ಕೆಳಗಿನ ಕಪಾಟು, ಆಮೇಲೆ ಬೀರು, ಕೊನೆಗೆ ಬಾಲ್ಕನಿ ಮತ್ತು ಮಂಚದ ಕೆಳಗೆ. ಆಯುಧಪೂಜೆಗೆ ಮನೆ ತೊಳೆಯುವವರಿಗೆ ಈ ಕ್ರಮ ಹೊಸದೇನಲ್ಲ.

ಇಳಿಸಿದ ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ: ಕಳೆದ ದೀಪಾವಳಿಯಿಂದ ಇದನ್ನು ಮುಟ್ಟಿದ್ದೇವಾ? ಇಲ್ಲ ಅಂದರೆ ಮಾರುವ ರಾಶಿಗೆ. 'ಯಾವಾಗಲಾದರೂ ಬೇಕಾಗುತ್ತೆ' ಅನ್ನುವ ಮಾತಿಗೆ ಕಿವಿಗೊಡಬೇಡಿ. ಮದುವೆಗೆ ಬಂದ ಮೂರನೇ ಡಿನ್ನರ್ ಸೆಟ್ಟು, ಪ್ಯಾಕ್ ಒಡೆಯದ ನಾಲ್ಕು ಗೋಡೆ ಗಡಿಯಾರ, ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿಹೋದ ಟ್ರೆಡ್‌ಮಿಲ್, ಮಗು ದೊಡ್ಡದಾದರೂ ಮಡಚಿಟ್ಟ ತೊಟ್ಟಿಲು, ಕೆಟ್ಟರೂ ಬಿಸಾಡದ ಹಳೆ ಮಿಕ್ಸಿ. ಹೆಚ್ಚುಕಡಿಮೆ ಎಲ್ಲರ ಅಟ್ಟದಲ್ಲೂ ಇರುವುದು ಇವೇ.

ಯಾವುದನ್ನು ಎಲ್ಲಿ ಮಾರುವುದು?

ಟ್ರೆಡ್‌ಮಿಲ್, ಮಂಚ, ಫೋನ್, ಸೈಕಲ್ ಇಂಥವು ಓಎಲ್‌ಎಕ್ಸ್‌ನಲ್ಲೋ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲೋ ಹೋಗುತ್ತವೆ. ಒರೆಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಗೀರು, ಬಿರುಕು ಇದ್ದರೆ ಅದನ್ನೂ ತೋರಿಸಿ, ಮನೆಗೆ ಬಂದವರ ಜೊತೆ ಜಗಳ ತಪ್ಪುತ್ತದೆ.

ಹಿತ್ತಾಳೆ, ತಾಮ್ರ ತೂಕಕ್ಕೆ ಹೋಗುತ್ತದೆ. ಗುಜರಿಯವರಿಗಿಂತ ಪಾತ್ರೆ ಅಂಗಡಿಯವರು ಒಳ್ಳೆ ರೇಟು ಕೊಡುವುದುಂಟು. ಎರಡು ಕಡೆ ಕೇಳಿ. ಮನೆಯಿಂದ ಹೊರಡುವ ಮುನ್ನ ನೀವೇ ತೂಕ ಮಾಡಿಕೊಂಡಿರಿ. ಅಜ್ಜಿಯ ಹಂಡೆಯನ್ನು ಅಮ್ಮನನ್ನು ಕೇಳದೆ ಮಾರಬೇಡಿ. ಅದರಿಂದ ಬರುವ ದುಡ್ಡಿಗಿಂತ ಮನೆಯಲ್ಲಿ ಆಗುವ ರಂಪ ದೊಡ್ಡದು.

ಹಳೆ ರೇಷ್ಮೆ ಸೀರೆಯ ಜರಿ ಕೊಳ್ಳುವವರು ಬೀದಿಯಲ್ಲಿ ಕೂಗುತ್ತಾ ಬರುತ್ತಾರೆ. ಬೆಳ್ಳಿ ಜರಿಗೆ ಬೆಲೆ ಇದೆ, ಮಿಕ್ಸ್ ಜರಿಗೆ ಏನೂ ಇಲ್ಲ. ಬಾಗಿಲಲ್ಲೇ ವ್ಯವಹಾರ ಮುಗಿಸದೆ ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿ.

ಪಠ್ಯಪುಸ್ತಕ, ಎಂಟ್ರೆನ್ಸ್ ಪರೀಕ್ಷೆಯ ಗೈಡುಗಳು ಬೆಂಗಳೂರಾದರೆ ಅವೆನ್ಯೂ ರಸ್ತೆಯಲ್ಲಿ ಹೋಗುತ್ತವೆ. ಬೇರೆ ಊರಿನಲ್ಲಿ ಮುಂದಿನ ತರಗತಿಯ ಮಕ್ಕಳ ಮನೆಗೇ ನೇರ ಮಾರುವುದು ಒಳ್ಳೆಯದು. ಮೇ ಕೊನೆ, ಜೂನ್ ಮೊದಲ ವಾರ ಅದಕ್ಕೆ ಸರಿಯಾದ ಸಮಯ. ಆಮೇಲೆ ರದ್ದಿ ಬೆಲೆ.

ಗಾಡಿ ಮಾರಿದರೆ ಫಾರಂ 29 ಮತ್ತು 30 ಸಹಿ ಮಾಡಿ ಆರ್‌ಸಿ ವರ್ಗಾವಣೆ ಆಗುವ ತನಕ ಬೆನ್ನು ಬಿಡಬೇಡಿ. ಇಲ್ಲದಿದ್ದರೆ ಕೊಂಡವರು ಸಿಗ್ನಲ್ ಜಂಪ್ ಮಾಡಿದ ದಂಡ ನಿಮ್ಮ ಹೆಸರಿಗೆ ಬರುತ್ತದೆ. ಫೋನ್ ಮಾರುವಾಗ ಗೂಗಲ್ ಖಾತೆಯಿಂದ ಲಾಗೌಟ್ ಆಗಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ.

ಮೋಸದ ಸೂಚನೆ: ವಸ್ತು ನೋಡದೆ, ಚೌಕಾಸಿ ಮಾಡದೆ 'ಈಗಲೇ ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅನ್ನುವವರು. ಸೈನ್ಯದಲ್ಲಿದ್ದೇನೆ ಅಂತ ಹೇಳಿ ಐಡಿ ಕಾರ್ಡಿನ ಫೋಟೋವನ್ನೂ ಕಳಿಸುತ್ತಾರೆ. ದುಡ್ಡು ತಗೊಳ್ಳಲು ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. ಪಿನ್ ಕೇಳಿತು ಅಂದರೆ ನಿಮ್ಮ ಖಾತೆಯಿಂದ ಹೋಗುತ್ತಿದೆ ಅಂತ ಅರ್ಥ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮ ತುಮಕೂರಿನ ಮನೆಯ ಲೆಕ್ಕಕ್ಕೆ ಬರೋಣ. ಟ್ರೆಡ್‌ಮಿಲ್ 6,000, ಹಳೆ ಫೋನ್ 3,500, ಹಿತ್ತಾಳೆ 3,000, ಮಂಚ 2,500. ಒಟ್ಟು 15,000. ಐದು ರೂಪಾಯಿ ಬಡ್ಡಿಯ ಸಾಲ ಅಲ್ಲಿಗೆ ಮುಗಿಯಿತು, ತಿಂಗಳಿಗೆ 750 ಬಡ್ಡಿ ಉಳಿಯಿತು. ದುಡ್ಡು ಬಂದ ಸಂಜೆಯೇ ಕೊಟ್ಟುಬರಬೇಕು. ಕೊಡುವಾಗ ಬರೆದುಕೊಟ್ಟ ಪ್ರೋನೋಟು, ಸಹಿ ಮಾಡಿದ ಖಾಲಿ ಚೆಕ್ಕು ವಾಪಸ್ ಇಸ್ಕೊಳ್ಳಿ.

## ಹಂತ 6: ತಿಂಗಳ ಗುರಿ, ಕ್ಯಾಲೆಂಡರ್ ನೋಡಿ

'ತಿಂಗಳಿಗೆ 8,000' ಅಂತ ವರ್ಷಪೂರ್ತಿ ಒಂದೇ ಗುರಿ ಇಟ್ಟುಕೊಂಡವರು ಜೂನ್‌ನಲ್ಲಿ ಎಡವುತ್ತಾರೆ. ಶಾಲೆ ಫೀಸು, ಯೂನಿಫಾರಂ, ಪುಸ್ತಕ ಎಲ್ಲ ಒಟ್ಟಿಗೆ ಬರುತ್ತದೆ. ಗುರಿ ತಪ್ಪಿತು ಅಂತ ಮನಸ್ಸು ಮುರಿಯುತ್ತದೆ. ನಮ್ಮ ಮನೆಗಳ ಖರ್ಚು ಹನ್ನೆರಡು ತಿಂಗಳೂ ಒಂದೇ ಥರ ಇರುವುದಿಲ್ಲವಲ್ಲ.

ಹಾಗಾಗಿ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ತಿಂಗಳಿಗೊಂದು ಸಂಖ್ಯೆ ಬರೆಯಿರಿ. ಏಪ್ರಿಲ್, ಮೇ ಮದುವೆ ಕಾಲ. ಮುಯ್ಯಿ, ಬಸ್ ಚಾರ್ಜ್ ಇರುತ್ತದೆ, ಗುರಿ 6,000. ಜೂನ್‌ಗೆ 3,000 ಸಾಕು. ಆಷಾಢದಲ್ಲಿ ಶುಭಕಾರ್ಯ ಇಲ್ಲ, ಗುರಿ 11,000ಕ್ಕೆ ಏರಿಸಿ. 'ಆಷಾಢ ಸೇಲ್' ಬೋರ್ಡಿನ ಕಡೆ ಮಾತ್ರ ನೋಡಬೇಡಿ. ಶ್ರಾವಣದಿಂದ ದೀಪಾವಳಿ ತನಕ ವರಮಹಾಲಕ್ಷ್ಮಿ, ಗೌರಿಗಣೇಶ, ದಸರಾ ಸಾಲಾಗಿ ಬರುತ್ತವೆ, ಸಾಧಾರಣ ಗುರಿ ಇಡಿ. ಬೋನಸ್ ಬರುವವರಾದರೆ ಅದರ ಮುಕ್ಕಾಲು ಪಾಲು ಸಾಲಕ್ಕೆ, ಕಾಲು ಪಾಲು ಹಬ್ಬಕ್ಕೆ ಅಂತ ಮೊದಲೇ ಬರೆದಿಡಿ. ಧನುರ್ಮಾಸ ಮತ್ತೆ ಬಿಗಿ ಮಾಡುವ ಸಮಯ. ವರ್ಷದ ಸರಾಸರಿ 8,000 ಬಂದರೆ ಆಯಿತು.

ಆ ಸಂಖ್ಯೆ ಯಾವಾಗ ಕಟ್ಟುವುದು? ಸಂಬಳ ಬಂದ ದಿನ. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಅಂದರೆ ಉಳಿಯುವುದಿಲ್ಲ. ಇಎಂಐ ತಾರೀಕು ಸಂಬಳಕ್ಕಿಂತ ಮುಂಚೆ ಇದ್ದರೆ ಬ್ಯಾಂಕಿಗೆ ಹೋಗಿ ತಾರೀಕು ಬದಲಾಯಿಸಿಕೊಡಿ ಅಂತ ಕೇಳಿ. ಕೆಲವರು ಮಾಡಿಕೊಡುತ್ತಾರೆ. ಕಂತು ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ.

ಒಂದು ಸಾಲ ಮುಗಿದ ತಿಂಗಳು ಅದರ ಕಂತನ್ನು ಮುಂದಿನ ಸಾಲಕ್ಕೆ ಸೇರಿಸಿ. ಫ್ರಿಜ್ ಮುಗಿದರೆ 2,100 ಕಾರ್ಡಿಗೆ. ಕಾರ್ಡ್ ಮುಗಿದರೆ ಎಲ್ಲ ಸೇರಿ ಪರ್ಸನಲ್ ಲೋನಿಗೆ. ಜನ ಜಾರುವ ಜಾಗ ಇದು. ಕಂತು ಮುಗಿದ ಖುಷಿಗೆ ಹೊಸ ಟಿವಿ ಬಂದುಬಿಡುತ್ತದೆ.

## ಹಂತ 7: ಈಗ ಖರ್ಚಿಗೆ ಬನ್ನಿ

ಕಾಫಿ ಬಿಡಬೇಕಿಲ್ಲ. ದೊಡ್ಡ ಸೋರಿಕೆಗಳನ್ನು ಮಾತ್ರ ಹುಡುಕಿ. ಮೂರು ತಿಂಗಳ ಸ್ಟೇಟ್‌ಮೆಂಟಿನಲ್ಲಿ 200 ರೂಪಾಯಿಗಿಂತ ಜಾಸ್ತಿ ಇರುವ, ಮತ್ತೆ ಮತ್ತೆ ಬರುವ ಹೆಸರುಗಳಿಗೆ ಗೆರೆ ಹಾಕಿ. ಬಹಳ ಮನೆಗಳಲ್ಲಿ ಸಿಗುವುದು ಊಟದ ಆರ್ಡರ್, ಹತ್ತು ನಿಮಿಷದ ಡೆಲಿವರಿ, ಕ್ಯಾಬ್. ಕೊತ್ತಂಬರಿ ಸೊಪ್ಪಿಗೆ ಅಂತ ತೆರೆದ ಆ್ಯಪ್ 340 ರೂಪಾಯಿ ಬಿಲ್ ಮಾಡಿ ಮುಚ್ಚಿಕೊಳ್ಳುತ್ತದೆ.

ರೇಷನ್‌ಗೆ ತಿಂಗಳ ಚೀಟಿ ಬರೆದು ಒಂದೇ ಸಲ ತನ್ನಿ, ತರಕಾರಿಗೆ ವಾರದ ಸಂತೆಯೋ ಹಾಪ್‌ಕಾಮ್ಸೋ ಸಾಕು. ಚೀಟಿ ಬರೆಯುವ ಮುನ್ನ ಡಬ್ಬಿಗಳನ್ನು ತೆರೆದು ನೋಡಿ. ಅಟ್ಟದ ಹಾಗೆ ಅಡುಗೆಮನೆಯಲ್ಲೂ ಮರೆತ ಸಾಮಾನು ಇರುತ್ತದೆ. ಎರಡು ಪ್ಯಾಕೆಟ್ ಶಾವಿಗೆ, ಅರ್ಧ ಕೆಜಿ ಹುರುಳಿಕಾಳು, ಕಟ್ಟಿಟ್ಟ ಹೆಸರುಬೇಳೆ. ಅವು ಮುಗಿಯುವ ತನಕ ಹೊಸದು ಬೇಡ.

ಕರೆಂಟಿಗೆ ಗೃಹಜ್ಯೋತಿ ಇದ್ದರೆ ನಿಮ್ಮ ಮಿತಿ ಎಷ್ಟು ಯೂನಿಟ್ ಅಂತ ಬಿಲ್ಲಿನಲ್ಲಿ ನೋಡಿ. 2022–23ರ ಸರಾಸರಿ ಬಳಕೆಗೆ ಒಂದಷ್ಟು ಸೇರಿಸಿ ಮಿತಿ ಹಾಕಿರುತ್ತಾರೆ. ಅದನ್ನು ದಾಟಿದರೆ ಹೆಚ್ಚುವರಿಗೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಗೀಸರ್ ಇರುವ ಮನೆಯವರು ತಿಂಗಳ ಮಧ್ಯದಲ್ಲೊಮ್ಮೆ ಮೀಟರ್ ನೋಡಿದರೆ ಒಳ್ಳೆಯದು.

ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ. ಮನೆಯಾಕೆ ಆಟೋದಿಂದ ಬಸ್ಸಿಗೆ ಬದಲಾದರೆ ಉಳಿಯುವುದು ಸಣ್ಣ ಮೊತ್ತವಲ್ಲ. ಬಿಪಿ, ಶುಗರ್ ಮಾತ್ರೆ ದಿನಾ ತಗೊಳ್ಳುವವರಿದ್ದರೆ ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. 28 ದಿನದ ಮೊಬೈಲ್ ರೀಚಾರ್ಜ್ ಅಂದರೆ ವರ್ಷಕ್ಕೆ 12 ಅಲ್ಲ, 13 ಸಲ. ಉದ್ದದ ಪ್ಲಾನ್ ಹೋಲಿಸಿ ನೋಡಿ.

ಇಲ್ಲೇ ಮೊದಲು ಹೇಳಿದ ಮಾತು ನೆನಪಿಡಬೇಕು. ಆರ್ಡರ್ ಮಾಡಬೇಕಿದ್ದ 380 ರೂಪಾಯಿಯ ಬಿರಿಯಾನಿ ಬಿಟ್ಟು ಮನೆಯಲ್ಲಿ ಚಿತ್ರಾನ್ನ ಮಾಡಿದಿರಾ? ಆ 380ನ್ನು ಅದೇ ರಾತ್ರಿ ಯುಪಿಐನಲ್ಲಿ ಕಾರ್ಡ್ ಬಿಲ್ಲಿಗೆ ಕಟ್ಟಿ. ಕಾರ್ಡಿಗೆ ಯಾವ ದಿನವಾದರೂ, ಎಷ್ಟು ಸಣ್ಣ ಮೊತ್ತವಾದರೂ ಕಟ್ಟಬಹುದು. ಬಿಲ್ ತಾರೀಕಿನ ತನಕ ಕಾಯಬೇಕಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ: 'ಬಿರಿಯಾನಿ, 380.' ಮಕ್ಕಳಿಗೆ ಈ ಪುಟ ಬಹಳ ಇಷ್ಟವಾಗುತ್ತದೆ.

## ಹಂತ 8: ದಾರಿ ತಪ್ಪುತ್ತಿರುವ ಸೂಚನೆಗಳು

ಇವುಗಳಲ್ಲಿ ಒಂದು ಕಂಡರೂ ನಿಂತು ಮತ್ತೆ ಹಂತ 1ಕ್ಕೆ ಹೋಗಿ.

- ಒಂದು ಕಾರ್ಡಿನ ಬಿಲ್ಲನ್ನು ಇನ್ನೊಂದು ಕಾರ್ಡಿನಿಂದ, ಒಂದು ಆ್ಯಪ್‌ನ ಸಾಲವನ್ನು ಇನ್ನೊಂದು ಆ್ಯಪ್‌ನಿಂದ ತೀರಿಸುವುದು.
- ಕಂತು ಕಟ್ಟಲು ಅವಸರದಲ್ಲಿ ಭಾರೀ ಕಡಿತಕ್ಕೆ ಚೀಟಿ ಕೂಗಿ ಎತ್ತುವುದು.
- ಬ್ಯಾಂಕಿನ ಫೋನ್ ಬಂದಾಗ ಎದ್ದು ಹೊರಗೆ ಹೋಗಿ ಮಾತಾಡುವುದು.
- ಹಂತ 3ರಲ್ಲಿ ಎತ್ತಿಟ್ಟ ಡಬ್ಬಿಯ ದುಡ್ಡಿಗೆ ಎರಡು ತಿಂಗಳು ಸತತ ಕೈಹಾಕಿದ್ದು.

ಒಂದು ತಿಂಗಳು ಕಂತು ಕಟ್ಟಲು ಆಗುವುದೇ ಇಲ್ಲ ಅಂತ ಗೊತ್ತಾದರೆ, ಬೌನ್ಸ್ ಆಗುವ ಮುಂಚೆಯೇ ಬ್ರಾಂಚಿಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸುವ ಅವಕಾಶ ಇದೆಯಾ ಅಂತ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

ಸಾಲದ ಆ್ಯಪ್ ವಿಷಯದಲ್ಲಿ ಕಾನೂನು ಗೊತ್ತಿರಲಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರಬೇಕು, ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಮೊದಲೇ ತೋರಿಸಬೇಕು, ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟಿಗೆ ಕೈಹಾಕುವಂತಿಲ್ಲ. ಕಾಂಟ್ಯಾಕ್ಟ್ ಪರ್ಮಿಷನ್ ಕೇಳುವ ಸಾಲದ ಆ್ಯಪನ್ನು ಇನ್‌ಸ್ಟಾಲ್ ಮಾಡಲೇಬೇಡಿ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಸಹಾಯಕ್ಕೆ 14448. ಮೈಕ್ರೋ ಫೈನಾನ್ಸ್, ಕೈಬಡ್ಡಿಯವರ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಪ್ರತ್ಯೇಕ ಕಾನೂನನ್ನೇ ತಂದಿದೆ. ತಪ್ಪಿತಸ್ಥರಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇದೆ. ಮನೆ ಮುಂದೆ ಬಂದು ಕೂಗಾಡಿದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಸಾಲ ಮಾಡಿದ್ದು ಅಪರಾಧವಲ್ಲ.

## ಹಂತ 9: ಕೊನೆಯ ಕಂತಿನ ನಂತರ

ದುಡ್ಡು ಕಟ್ಟಿದ ಮಾತ್ರಕ್ಕೆ ಸಾಲ ಮುಗಿದಿಲ್ಲ, ಕಾಗದ ಬರಬೇಕು. ನೋ ಡ್ಯೂ ಸರ್ಟಿಫಿಕೇಟ್, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ಕೇಳಿ ಪಡೆಯಿರಿ. ಕಾರ್ಡಿನಲ್ಲಿ ಸೊನ್ನೆ ಬಾಕಿ ಕಂಡ ಮೇಲೂ ಮುಂದಿನ ಬಿಲ್ಲು ನೋಡಿ. ಹಿಂದಿನ ತಿಂಗಳ ಚೂರು ಬಡ್ಡಿ ಅದರಲ್ಲಿ ಬರುವುದುಂಟು, ಅದನ್ನೂ ಕಟ್ಟಿ. ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆಯನ್ನು (ಆಟೋ ಡೆಬಿಟ್ ಮ್ಯಾಂಡೇಟ್) ರದ್ದು ಮಾಡಿಸಿ. ಚಿನ್ನ ಬಿಡಿಸುವಾಗ ಕೌಂಟರ್ ಬಿಡುವ ಮುನ್ನವೇ ಇಟ್ಟಾಗಿನ ರಸೀದಿಯ ತೂಕಕ್ಕೆ ಹೋಲಿಸಿ, ಕೊಂಡಿ, ತಿರುಪು ಎಲ್ಲ ಇದೆಯಾ ಅಂತ ನೋಡಿ.

ಬಹಳ ಹಳೆಯ ಬಾಕಿ ಇದ್ದವರಿಗೆ 'ಅರ್ಧ ಕಟ್ಟಿ, ಸೆಟಲ್ ಮಾಡಿಬಿಡೋಣ' ಅಂತ ಫೋನ್ ಬರುತ್ತದೆ. ಬೇರೆ ದಾರಿಯೇ ಇಲ್ಲದವರು ಒಪ್ಪಿಕೊಳ್ಳಬಹುದು, ಆದರೆ ಕ್ರೆಡಿಟ್ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬೀಳುತ್ತದೆ. ಮುಂದೆ ಮನೆ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ. ಒಪ್ಪುವುದಾದರೆ ಬ್ಯಾಂಕಿನ ಲೆಟರ್ ಹೆಡ್‌ನಲ್ಲಿ ಪತ್ರ ಬಂದ ಮೇಲೆ, ಸಾಲದ ಖಾತೆಗೇ ಕಟ್ಟಿ. ಏಜೆಂಟರ ಸ್ವಂತ ನಂಬರಿಗೆ ಒಂದು ರೂಪಾಯಿಯೂ ಬೇಡ.

ಒಂದೂವರೆ ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ಮತ್ತೊಮ್ಮೆ ತೆಗೆಯಿರಿ. ನಾಲ್ಕು ಕಂಪನಿಗಳಿರುವುದರಿಂದ ಮೊದಲು ತೆಗೆಯದ ಇನ್ನೊಂದರಿಂದ ಈ ಸಲವೂ ಪುಕ್ಕಟೆ ಸಿಗುತ್ತದೆ. ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ಅವರ ವೆಬ್‌ಸೈಟಿನಲ್ಲೇ ತಕರಾರು ಹಾಕಿ, ನೋ ಡ್ಯೂ ಸರ್ಟಿಫಿಕೇಟ್ ಲಗತ್ತಿಸಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ತಕರಾರು ಹಾಕಿದ ತಾರೀಕನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.